ಧಾರವಾಡದ ಮಾವಿನ ತೋಟದಲ್ಲಿ ಮಿಂಚುಹುಳದ ಫೋಟೊ: ನನ್ನ ಅನುಭವ

"ಮಿಂಚುಹುಳಾ ಬೇಕಂದ್ರ ದಾಂಡೇಲಿಗೆ ಹೋಗಲೇ, ಇಲ್ಲೇನ್ ಸಿಗತೈತಿ" ಅಂತಿದ್ದ ಗೆಳೆಯರೇ ಈಗ ಜಾಗ ಎಲ್ಲಿ ಅಂತ ಕೇಳ್ತಿದ್ದಾರೆ. ಕಲಘಟಗಿ ರಸ್ತೆ ಕಡೆ ಒಂದು ಮಾವಿನ ತೋಟ, ಪಕ್ಕದಲ್ಲಿ ಹಳ್ಳ. ಇಷ್ಟು ಸಾಕು.

ಹತ್ತು ನಿಮಿಷ ಶಟರ್ ತೆರೆದಿಟ್ಟು ಒಂದೇ ಫೋಟೊದಲ್ಲಿ ಮುಗಿಸುವ ಆಸೆ ಫಲಿಸಲಿಲ್ಲ. ಊರಿನ ಬೆಳಕಿಗೆ ಆಕಾಶವೆಲ್ಲ ಕಿತ್ತಳೆ. ಸೆನ್ಸರ್ ಬಿಸಿಯಾಗಿ ಚುಕ್ಕೆ ಬೇರೆ. ಯಾವುದು ಹುಳ, ಯಾವುದು ನಾಯ್ಸ್ (ಸೆನ್ಸರಿನ ಸುಳ್ಳು ಚುಕ್ಕೆ) ಅಂತ ಗೊತ್ತಾಗಬೇಕಲ್ವಾ? ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸಿಗೂ ಇದು ಆಗುವ ಕೆಲಸವಲ್ಲ. ಹುಬ್ಬಳ್ಳಿಯಲ್ಲಿ ಹೆಚ್ಚು ಬೆಳಕು ಒಳಬಿಡುವ ಸೆಕೆಂಡ್‌ಹ್ಯಾಂಡ್ 50 ಎಂಎಂ ಎಫ್ 1.8 ಲೆನ್ಸ್ ತಗೊಂಡೆ, ಐದಾರು ಸಾವಿರ ಇರಬೇಕು. ಟ್ರೈಪಾಡ್ ಇನ್ನೊಂದೆರಡು ಸಾವಿರ. ಪೆಟ್ರೋಲಿನ ಲೆಕ್ಕ ಮನೆಯಲ್ಲಿ ಹೇಳಿಲ್ಲ.

ಕೈಹಿಡಿದದ್ದು ಸಣ್ಣ ಸಣ್ಣ ಫ್ರೇಮ್. 20 ಸೆಕೆಂಡಿನವು, ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 1600 ಆಸುಪಾಸು, ಬಿಡದೆ ನೂರರ ಮೇಲೆ. ಆಮೇಲೆ ಎಡಿಟಿಂಗ್‌ನಲ್ಲಿ, ಪ್ರತಿ ಜಾಗದಲ್ಲೂ ಹೆಚ್ಚು ಬೆಳಗಿದ್ದನ್ನೇ ಉಳಿಸುವ ಲೈಟನ್ ಮೋಡ್ ಹಾಕಿ ಒಂದರ ಮೇಲೊಂದು ಕೂಡಿಸೋದು. ಹಿನ್ನೆಲೆಗೆ ಬೇಕಾದ ಮರಗಳ ಫ್ರೇಮ್ ಮುಸ್ಸಂಜೆಗೇ ತೆಗೆದಿಡಿ. ಫೋಕಸ್ ಕೂಡ ಆಗಲೇ ಮಾಡಿ ರಿಂಗಿಗೆ ಟೇಪ್ ಹಚ್ಚಿಬಿಡಿ. ಲೆನ್ಸಿಗೆ ಆವಿ ಕೂರದಂತೆ ನಾನೇನು ಮಾಡ್ತೀನಿ ಅನ್ನೋದು ಮಾತ್ರ ಸದ್ಯಕ್ಕೆ ನನ್ನ ಹತ್ರಾನೇ ಇರಲಿ.

ರೋಹಿಣಿ ಮಳೆ ಹನಿದ ಮೇಲೆ, ಮಿರಗ (ಮೃಗಶಿರಾ ಮಳೆ) ಜೋರಾಗುವ ಮೊದಲು ಒಳ್ಳೆಯ ಕಾಲ. ಬೆಳದಿಂಗಳಿದ್ದರೆ, ಗಾಳಿ ಬೀಸಿದರೆ ಸುಮ್ನೆ ಮನೆಯಲ್ಲಿರಿ. ಒಂದು ರಾತ್ರಿ ಎಲ್ಲ ಕೂಡಿಬಂದಿತ್ತು, ಆದರೆ ಪಂಪ್‌ಸೆಟ್ ಶೆಡ್ಡಿಗೆ ಹೊಸ ಎಲ್‌ಇಡಿ ಬಲ್ಬ್ ಬಿದ್ದಿತ್ತು. ಆ ಮೂಲೆಯಲ್ಲಿ ಒಂದೂ ಮಿಂಚಲಿಲ್ಲ. ಹಾರುವ ಗಂಡಿಗೆ ಹೆಣ್ಣು ಹುಲ್ಲಿನಿಂದ ಮಿಂಚಿ ಉತ್ತರ ಕೊಡುತ್ತದೆ. ಆ ಬೆಳಕಿನಲ್ಲಿ ಅದು ಕಾಣೋದು ಹೇಗೆ? "ಯಜಮಾನ್ರ, ಎರಡ ತಾಸು ಬಂದ್ ಮಾಡ್ರಿ" ಅಂದೆ. ನಗುತ್ತಲೇ ಆರಿಸಿದರು. ಅರ್ಧ ತಾಸಿಗೆ ಶುರುವಾಯಿತು ನೋಡಿ! ನನ್ನ ಟಾರ್ಚಿಗೂ ಕೆಂಪು ಜಿಲೆಟಿನ್ ಕಾಗದ, ಎರಡು ಪದರ.

ಕ್ಯಾಮೆರಾ ಅದರ ಪಾಡಿಗೆ ಕೆಲಸ ಮಾಡುವಾಗ ಹೊತ್ತು ಹೋಗಬೇಕಲ್ಲ, ಮುನ್ನೂರು ರೂಪಾಯಿಯ ಯುವಿ (ಅತಿನೇರಳೆ) ಟಾರ್ಚ್ ತಂದೆ. ಬೆಳಕಿನ ತರಂಗಾಂತರ 395 ನ್ಯಾನೊಮೀಟರಿನದು. ಬದುವಿನ ಕಲ್ಲುಗಳಿಗೆ ಹಿಡಿದರೆ ಚೇಳು ಹಸಿರು-ನೀಲಿಯಾಗಿ ಹೊಳೆಯುತ್ತದೆ. ಹುಳದಂತೆ ಸ್ವಂತ ಬೆಳಕಲ್ಲ, ಟಾರ್ಚ್ ಆರಿದರೆ ಅದೂ ಆರಿತು. ಆಗಷ್ಟೇ ಪೊರೆ ಬಿಟ್ಟ ಚೇಳು ಹೊಳೆಯೋದಿಲ್ಲ. ಹಾಗಾಗಿ ಗಮ್‌ಬೂಟು ಇಲ್ಲದೆ ಇಳಿಯಬೇಡಿ. 395ರಲ್ಲಿ ನೇರಳೆ ಬೆಳಕು ಜಾಸ್ತಿ, ಫೋಟೊ ಕೆಡುತ್ತದೆ. 365ರದು ತರಿಸಿದ್ದೇನೆ, ಸಾವಿರದ ಮೇಲಾಯಿತು. ಅದನ್ನು ಹಿಡಿದು ಗದಗ ಜಿಲ್ಲೆಯ ಕಪ್ಪತಗುಡ್ಡಕ್ಕೆ ಹೋಗೋಣವೆಂದರೆ ಅದು ವನ್ಯಜೀವಿ ಧಾಮ, ರಾತ್ರಿ ಸುಮ್ಮನೆ ಒಳಗೆ ಹೋಗುವಂತಿಲ್ಲ. ಗದಗ ಕಡೆ ಗೆಳೆಯನ ಹೊಲದಲ್ಲೇ ನೋಡುತ್ತೇನೆ.