ಯಾವ ಜಾತ್ರೆ, ಅಜ್ಜಿ? (ಹುಡುಗರ ಸರ್ಪಸುತ್ತು: ನನ್ನ ಅನುಭವ)

ನಾನು ಸ್ಕಿನ್ ಡಾಕ್ಟರ್ ಅಲ್ಲ. ದಾವಣಗೆರೆಯ ಹಳೇ ಊರಲ್ಲಿ ಇಪ್ಪತ್ತು ಚಿಲ್ಲರೆ ವರ್ಷದಿಂದ ಕ್ಲಿನಿಕ್ ಇಟ್ಟಿರುವ ಬರೀ ಎಂಬಿಬಿಎಸ್. ಆದರೆ ಹೈಸ್ಕೂಲು, ಪಿಯು ಹುಡುಗರಿಗೆ ಸರ್ಪಸುತ್ತು ಬಂದರೆ ಈಗ ದೊಡ್ಡ ಡಿಗ್ರಿಯವರೂ ನನಗೊಂದು ಫೋನ್ ಮಾಡುತ್ತಾರೆ. ಆರೇಳು ವರ್ಷದ ಹಿಂದೆ ಇವರೇ "ಏನ್ರೀ, ಜಾತ್ರೆ ಕೇಳಿ ಔಷಧಿ ಕೊಡ್ತೀರಂತೆ" ಅಂತ ನಗುತ್ತಿದ್ದರು.

ಶುರುವಿನಲ್ಲಿ ನಾನು ಮಾಡಿದ್ದೆಲ್ಲ ತಪ್ಪೇ. ಹತ್ತನೇ ಕ್ಲಾಸಿನ ಹುಡುಗಿ, ಎಡ ಪಕ್ಕೆಯ ಗುಂಟ ಗುಳ್ಳೆಗಳ ಸಾಲು. ಈ ವಯಸ್ಸಿಗೆ ಇದು ಬಂದಿದೆ ಅಂದರೆ ಒಳಗೆ ಏನೋ ದೊಡ್ಡದೇ ಇರಬೇಕು ಅಂತ ಹೆದರಿದೆ. ರಕ್ತ, ಎಕ್ಸ್‌ರೇ, ಸ್ಕ್ಯಾನ್, ಎಲ್ಲ ಬರೆದುಕೊಟ್ಟೆ. ನಾಲ್ಕು ಸಾವಿರದ ಹತ್ತಿರ ಆಯಿತು. ಎಲ್ಲಾ ನಾರ್ಮಲ್. ರಿಪೋರ್ಟ್ ಕಾಯುತ್ತಾ ಕೂತು, ವೈರಸ್ ತಡೆಯುವ ಅಸೈಕ್ಲೋವಿರ್ ಮಾತ್ರೆ ಶುರು ಮಾಡಬೇಕಾದ ಮೊದಲ ಮೂರು ದಿನವನ್ನೂ ಕಳೆದಿದ್ದೆ. ಅವರಪ್ಪ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವನು. "ಏನೂ ಇಲ್ಲ ಅಂತ ಹೇಳಾಕೆ ಇಷ್ಟು ದುಡ್ಡಾ ಸಾರ್?" ಅಂದ. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಇನ್ನೊಬ್ಬ ಪಿಯು ಹುಡುಗ. ಬಲ ಪಕ್ಕೆ ಉರಿ ಅಂತ ಬಂದ, ಗ್ಯಾಸ್ ಮಾತ್ರೆ ಕೊಟ್ಟೆ. ಮಾರನೇ ದಿನ ಸ್ಕ್ಯಾನ್‌ಗೆ ಕಳಿಸಿದೆ. ಮೂರನೇ ದಿನ ಅವನೇ ಅಂಗಿ ಎತ್ತಿ ಗುಳ್ಳೆ ತೋರಿಸಿದ! ಈಗ ಒಂದೇ ಕಡೆ ಪಕ್ಕೆ ಉರಿ ಅಂದರೆ ಬೆನ್ನಿನಿಂದ ಹೊಟ್ಟೆಯವರೆಗೆ ಬೆರಳಾಡಿಸಿ ನೋಡುತ್ತೇನೆ. ಬಟ್ಟೆ ತಾಗಿದರೂ ಉರಿ ಅಂದರೆ, "ದಿನಾ ಕನ್ನಡಿಯಲ್ಲಿ ನೋಡ್ಕೋ, ಒಂದು ಗುಳ್ಳೆ ಕಂಡರೂ ಅವತ್ತೇ ಬಾ" ಅಂತ ಹೇಳಿ ಕಳಿಸುತ್ತೇನೆ.

ದಾರಿ ತೋರಿಸಿದ್ದು ಒಬ್ಬ ಅಜ್ಜಿ. ಹದಿನೈದರ ಮೊಮ್ಮಗನನ್ನು ಕರೆತಂದಿದ್ದರು. ಚಿಕ್ಕವನಿದ್ದಾಗ ಅಮ್ಮ, ಅಂದರೆ ಚಿಕನ್ ಪಾಕ್ಸ್, ಬಂದಿತ್ತಾ ಅಂತ ಹುಡುಗನನ್ನು ಕೇಳಿದೆ. ಅವನಿಗೇನು ಗೊತ್ತು? ತಾಯಿಗೆ ಫೋನ್ ಮಾಡಿದರೆ "ಬಂದಿತ್ತು ಸಾರ್, ಯಾವಾಗ ನೆನಪಿಲ್ಲ" ಅಂದಳು. ಪಕ್ಕದಲ್ಲಿ ಕೂತ ಅಜ್ಜಿ ಥಟ್ಟನೆ, "ದುಗ್ಗಮ್ಮನ ಜಾತ್ರಿ ಆವಾಗ. ಬೀಗರೆಲ್ಲ ಬಾಡೂಟಕ್ಕೆ ಬಂದು ಕುಂತಾರೆ, ಒಳಗೆ ಕೂಸು ಬೇವಿನ ಸೊಪ್ಪಿನ ಮೇಲೆ ಮಲಗೇತಿ. ಮನ್ಯಾಗೆ ಒಗ್ಗರಣೆ ಹಾಕಂಗಿಲ್ಲ. ಅಡಿಗಿ ಎಲ್ಲಾ ಪಕ್ಕದ ಮನ್ಯಾಗೆ ಮಾಡಿದ್ವಿ. ಇನ್ನೂ ಜವಳಾನೂ ತೆಗ್ಸಿರ್ಲಿಲ್ಲ" ಅಂದರು. ಲೆಕ್ಕ ಹಾಕಿದೆ. ಹುಡುಗನಿಗೆ ಆಗ ಏಳು ತಿಂಗಳು.

ವರ್ಷ ತುಂಬುವ ಮುಂಚೆ ಚಿಕನ್ ಪಾಕ್ಸ್ ಆದ ಮಕ್ಕಳಿಗೆ ಸಣ್ಣ ವಯಸ್ಸಲ್ಲೇ ಸರ್ಪಸುತ್ತು ಬರುವ ಸಾಧ್ಯತೆ ಜಾಸ್ತಿ ಅನ್ನುವುದು ಡಾಕ್ಟರುಗಳಿಗೆಲ್ಲ ಗೊತ್ತಿರುವುದೇ. ತೊಂದರೆ ಇದ್ದದ್ದು ತಾರೀಕು ಹಿಡಿಯುವುದರಲ್ಲಿ. ನಮ್ಮ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆ ವರ್ಷದ್ದಾ, ಅದರ ಮುಂದಿನ ವರ್ಷದ್ದಾ ಅಂತ ಗೊಂದಲವೇ ಆಗಲ್ಲ. ಸಾಲದ್ದಕ್ಕೆ ಚಿಕನ್ ಪಾಕ್ಸ್ ಜಾಸ್ತಿ ಇರುವುದೂ ಅದೇ ಬೇಸಿಗೆ ಶುರುವಿನಲ್ಲಿ. ಜಾತ್ರೆ ಸಿಕ್ಕರೆ ವರ್ಷ ಸಿಕ್ಕಿತು. ಜವಳ, ಅಂಬೆಗಾಲು ಕೇಳಿದರೆ ತಿಂಗಳೂ ಸಿಗುತ್ತದೆ.

ಎಡವಿದ್ದೂ ಇದೆ. ಕೆಲವು ಮನೆಗಳಲ್ಲಿ ದಡಾರಕ್ಕೂ ಅಮ್ಮ ಅಂತಲೇ ಹೇಳುತ್ತಾರೆ. ಹಾಗಾಗಿ ನೀರುಗುಳ್ಳೆಯಾ, ಕೆಂಪು ತರಿಯಾ ಅಂತ ಮೊದಲು ಕೇಳಬೇಕು. ಚಳ್ಳಕೆರೆ ಕಡೆಯಿಂದ ಬಂದ ಒಬ್ಬರು ನಾಯಕನಹಟ್ಟಿ ಜಾತ್ರೆ ಅಂದರು. ಅದು ವರ್ಷಾ ವರ್ಷಾ ನಡೆಯುತ್ತೆ, ಯಾವ ವರ್ಷದ್ದು ಅಂತ ಹೇಳೋದು? ಅವತ್ತು ಅರ್ಧ ಗಂಟೆ ಹೋಯಿತು, ನೂರೈವತ್ತು ರೂಪಾಯಿ ಫೀಸಿಗೆ.

ಈಗ ನಾನು ಮಾಡುವುದು ಇಷ್ಟೇ. ಮೊದಲು ಮಾತ್ರೆ, ಆಮೇಲೆ ವಿಚಾರಣೆ. ಏಳು ದಿನದ ಕೋರ್ಸು ಮೆಡಿಕಲ್ ಶಾಪಲ್ಲಿ ಸಾವಿರದ ಆಸುಪಾಸು, ಜನೌಷಧಿಯಲ್ಲಿ ಇನ್ನೂ ಕಡಿಮೆ. ಎಚ್‌ಐವಿ ಪರೀಕ್ಷೆ ಮಾತ್ರ ಬಿಡಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಸ್ಟಿರಾಯ್ಡ್ ಏನಾದರೂ ತಗೊಳ್ಳುತ್ತಿದ್ದಾನಾ ಅಂತ ಕೇಳುತ್ತೇನೆ. ಹುಡುಗ ಗಟ್ಟಿಯಾಗಿದ್ದು, ಗುಳ್ಳೆ ಒಂದೇ ಪಟ್ಟಿಯಲ್ಲಿದ್ದು, ಅಜ್ಜಿಯ ಲೆಕ್ಕವೂ ಕೂಡಿಬಂದರೆ ಅಲ್ಲಿಗೆ ಸಾಕು. ಗುಳ್ಳೆ ಮೈಯೆಲ್ಲ ಹರಡಿದರೆ, ಮತ್ತೆ ಮತ್ತೆ ಬಂದರೆ, ತೂಕ ಇಳಿದಿದ್ದರೆ ಆಗ ಟೆಸ್ಟು. ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಅವತ್ತೇ ಕಣ್ಣಿನ ಡಾಕ್ಟರ್ ಹತ್ತಿರ ಓಡಿಸುತ್ತೇನೆ. ಹುಡುಗನ ಜೊತೆ ಗುಟ್ಟಾಗಿ ಮಾತಾಡಲು ಅಜ್ಜಿಯನ್ನು ಬೇಜಾರಾಗದಂತೆ ಹೊರಗೆ ಕೂರಿಸುವ ಉಪಾಯ ಒಂದಿದೆ. ಅದನ್ನು ಇಲ್ಲಿ ಬರೆಯಲ್ಲ, ಚಹಾ ಕುಡಿಯೋಕೆ ಬನ್ನಿ ಹೇಳ್ತೀನಿ.

ನನ್ನ ನೋಟ್‌ಬುಕ್ಕಲ್ಲಿ ಮೂವತ್ತು ಚಿಲ್ಲರೆ ಮಕ್ಕಳಿದ್ದಾರೆ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನಕ್ಕೆ ವರ್ಷದೊಳಗೇ ಅಮ್ಮ ಬಂದಿತ್ತು. ಇಂಗ್ಲೆಂಡಿನ ಸಿರೆನ್‌ಸೆಸ್ಟರ್‌ನಲ್ಲಿ ನಮ್ಮ ಹಾಗೇ ಪ್ರಾಕ್ಟೀಸ್ ಮಾಡುತ್ತಿದ್ದ ಹೋಪ್-ಸಿಂಪ್ಸನ್ ಹದಿನಾರು ವರ್ಷ ತನ್ನ ರೋಗಿಗಳ 192 ಕೇಸು ಬರೆದಿಟ್ಟು, ಹಳೇ ಚಿಕನ್ ಪಾಕ್ಸ್ ವೈರಸ್ಸೇ ಮತ್ತೆ ಏಳುತ್ತೆ ಅನ್ನುವ ವಾದವನ್ನು 1965ರಲ್ಲಿ ಮುಂದಿಟ್ಟ. ಅವನ ಮುಂದೆ ನಾನೆಷ್ಟರವನು. ಆದರೂ ನೋಟ್‌ಬುಕ್ ಇಟ್ಟ ಅವನೂ ಬರೀ ಜಿಪಿ, ಅಂದರೆ ನನ್ನಂಥ ಊರ ಡಾಕ್ಟರೇ ಅಲ್ವಾ?

ಅದೇ ನೋಟ್‌ಬುಕ್ಕಲ್ಲಿ ಪರೀಕ್ಷೆ ದಿನಾಂಕಕ್ಕೂ ಒಂದು ಕಾಲಂ ಹಾಕಿದ್ದೆ. ನೀಟ್, ಬೋರ್ಡ್ ಎಕ್ಸಾಂ ಒತ್ತಡಕ್ಕೇ ಬರುತ್ತೆ ಅಂತ ಎಲ್ಲ ಅಪ್ಪ ಅಮ್ಮಂದಿರೂ ಹೇಳುತ್ತಾರೆ. ಎರಡು ವರ್ಷ ಬರೆದೆ. ದಸರಾ ರಜೆಯಲ್ಲೂ ಅಷ್ಟೇ ಜನ ಬಂದರು. ಒತ್ತಡ ಕಾರಣವೇ ಅಲ್ಲ ಅನ್ನಲ್ಲ, ಇಷ್ಟು ಕಡಿಮೆ ಮಕ್ಕಳಲ್ಲಿ ಏನು ಕಾಣುತ್ತೆ. ಸುಮ್ನೆ ಕಾಲಂ ಹೊಡೆದು ಹಾಕಿದೆ.

ಕೆಮ್ಮಣ್ಣು ಹಚ್ಚುವವರ ಜೊತೆ ಮೊದಲು ಜಗಳ ಆಡುತ್ತಿದ್ದೆ. ಸೋತೆ. ಸರ್ಪದ ತಲೆ ಬಾಲ ಕೂಡಿದರೆ ಜೀವ ಹೋಗುತ್ತೆ ಅನ್ನುವ ಭಯದ ಮುಂದೆ ನನ್ನ ಮಾತ್ರೆ ಯಾರಿಗೆ ಬೇಕು? ಈಗ ಒಬ್ಬರ ಜೊತೆ ಒಪ್ಪಂದ ಆಗಿದೆ. ಒಡೆದ ಗುಳ್ಳೆಯ ಮೇಲೆ ಬೇಡ, ಸುತ್ತ ಬರೆಯಿರಿ, ಅವತ್ತೇ ನನ್ನ ಹತ್ತಿರ ಕಳಿಸಿ ಅಂದಿದ್ದೇನೆ. ಮನೆಯಲ್ಲಿ ಬಸುರಿ ಇದ್ದರೆ, ಅಮ್ಮ ಬರದ ಕೂಸಿದ್ದರೆ ದೂರ ಇಡಿ ಅಂತಲೂ ಈಗ ಅವರೇ ಹೇಳುತ್ತಾರೆ. ಹೋದ ತಿಂಗಳು ಇಬ್ಬರು ಹುಡುಗರು ಬಂದರು, ಇಬ್ಬರೂ ಎರಡನೇ ದಿನಕ್ಕೆ, ಪಕ್ಕೆಯ ಮೇಲೆ ಕೆಂಪು ಗೆರೆ ಇನ್ನೂ ಒದ್ದೆಯಿತ್ತು.