ಸಿಂಕ್ ಬಟನ್‌ಗೆ ನಮ್ಮ ತಾಳ ತಿಳಿಯಲ್ಲ

ಕೋಲಾರದ ಸುತ್ತಮುತ್ತ ಡಿಜೆ ಮಾಡುವವನಿಗೆ ಮೊದಲ ಪರೀಕ್ಷೆ ಭಾಷೆಯದ್ದು. ಬಂಗಾರಪೇಟೆಯ ಛತ್ರದಲ್ಲಿ ಆರತಕ್ಷತೆ ಎಂದುಕೊಳ್ಳಿ. ಹೆಣ್ಣಿನ ಕಡೆಯವರು ಮುಳಬಾಗಿಲಿನವರು, ತೆಲುಗು ಹಾಡು ಬೇಕು. ಗಂಡಿನ ಸ್ನೇಹಿತರು ಕೆಜಿಎಫ್‌ನವರು, ತಮಿಳು ಕುತ್ತು ಹಾಕದಿದ್ದರೆ ಸ್ಟೇಜ್ ಬಿಟ್ಟು ಇಳಿಯಲ್ಲ. ಛತ್ರಕ್ಕೆ ದುಡ್ಡು ಕಟ್ಟಿದ ದೊಡ್ಡಪ್ಪ ನನ್ನ ಟೇಬಲ್ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು, "ಮೊದಲು ಒಂದು ನಾಲ್ಕು ಕನ್ನಡ ಹಾಕಪ್ಪಾ, ಆಮೇಲೆ ಏನಾದರೂ ಮಾಡ್ಕೊ" ಅನ್ನುತ್ತಾರೆ. ಇಷ್ಟೂ ಜನ ಒಂದೇ ನೆಲದ ಮೇಲೆ, ಒಂದೇ ಹೊತ್ತಿಗೆ ಕುಣಿಯಬೇಕು.

ನನ್ನ ಹತ್ತಿರ ಇರುವುದು ಒಂದು ಲ್ಯಾಪ್‌ಟಾಪು, ಎರಡು ಡೆಕ್ಕಿನ (ಒಂದೊಂದು ಡೆಕ್ಕಿನಲ್ಲಿ ಒಂದೊಂದು ಹಾಡು) ಸಣ್ಣ ಕಂಟ್ರೋಲರು, ಒಂದು ಹೆಡ್‌ಫೋನು. ಸ್ಪೀಕರು, ಆಂಪ್ಲಿಫೈಯರು ಎಲ್ಲಾ ಸೌಂಡ್‌ನವರದ್ದು. ಹಾಡು ಬೆರೆಸುವ ಸಾಫ್ಟ್‌ವೇರಿನ ಹೆಸರು ಮಿಕ್ಸ್ (Mixxx), ಹುಡುಕುವವರಿಗೆ ಹೇಳುತ್ತೇನೆ, ಹೆಸರಿನ ಕೊನೆಯಲ್ಲಿ ಮೂರು ಎಕ್ಸ್ ಇವೆ. 2001ರಲ್ಲಿ ಶುರುವಾದದ್ದು, ಕಾಸು ಕೊಡಬೇಕಿಲ್ಲ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ವರ್ಚುವಲ್ ಡಿಜೆ, ಸೆರಾಟೊ, ರೆಕಾರ್ಡ್‌ಬಾಕ್ಸ್, ಟ್ರಾಕ್ಟರ್ ಯಾವುದನ್ನು ತೆಗೆದುಕೊಂಡರೂ ಮೂಳೆ ಒಂದೇ: ಎರಡು ಡೆಕ್ಕು, ನಡುವೆ ಒಂದು ಹಾಡಿನಿಂದ ಇನ್ನೊಂದಕ್ಕೆ ಜಾರಿಸುವ ಕ್ರಾಸ್‌ಫೇಡರು, ಕೆಳಗೆ ಹಾಡುಗಳ ಪಟ್ಟಿ. ಯಾವುದು ಒಳ್ಳೆಯದು ಎಂದು ಜಗಳ ಆಡುವವರು ಆಡಲಿ. ನನಗೆ ಮುಖ್ಯ ಅನಿಸಿದ್ದು ಬೇರೆ.

ಈ ಸಾಫ್ಟ್‌ವೇರ್‌ಗಳೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ಹೌಸ್, ಟೆಕ್ನೋ ಸಂಗೀತವನ್ನು. 80ರ ದಶಕದಲ್ಲಿ ಶಿಕಾಗೋ, ಡೆಟ್ರಾಯಿಟ್ ಕಡೆ ಹುಟ್ಟಿದ ಸಂಗೀತ ಅದು. ಡ್ರಮ್ ಮಷೀನ್ ಬಾರಿಸುತ್ತದೆ, ವೇಗ ಒಂದು ಕೂದಲೂ ಅಲುಗಲ್ಲ, ನಾಲ್ಕು ನಾಲ್ಕರ ಲೆಕ್ಕ, ಹಾಡಿನ ತಲೆಗೂ ಬಾಲಕ್ಕೂ ಬರೀ ಡ್ರಮ್. ಅಂಥ ಎರಡು ಹಾಡು ಹಾಕಿ, ಎರಡರ ಬೀಟನ್ನೂ ತಾನೇ ಹೊಂದಿಸುವ ಸಿಂಕ್ ಬಟನ್ ಒತ್ತಿದರೆ ಬೆಣ್ಣೆಯಂತೆ ಕೂಡಿಕೊಳ್ಳುತ್ತವೆ. ನಮ್ಮ ಸಿನಿಮಾ ಹಾಡಿಗೆ ಈ ಮೂರರಲ್ಲಿ ಒಂದೂ ಗ್ಯಾರಂಟಿ ಇಲ್ಲ. ಹಾಗಾಗಿ ನನ್ನ ಕೆಲಸದ ಮುಕ್ಕಾಲು ಪಾಲು ಛತ್ರದಲ್ಲಿ ನಡೆಯಲ್ಲ. ಮಧ್ಯಾಹ್ನ ಮನೆಯಲ್ಲಿ, ಹೆಡ್‌ಫೋನ್ ಹಾಕಿಕೊಂಡು, ಒಂದೊಂದೇ ಹಾಡಿನ ಬೀಟ್‌ಗ್ರಿಡ್ ಸರಿ ಮಾಡುವುದರಲ್ಲಿ ಕಳೆಯುತ್ತದೆ.

ಬೀಟ್‌ಗ್ರಿಡ್ ಎಂದರೆ ಪರದೆಯಲ್ಲಿ ಹಾಡಿನ ಅಲೆಯ ಮೇಲೆ ಸಾಫ್ಟ್‌ವೇರ್ ಎಳೆಯುವ ಉದ್ದುದ್ದ ಗೆರೆಗಳು. ಒಂದೊಂದು ಗೆರೆ ಒಂದೊಂದು ಬೀಟು. ಸಿಂಕ್ ನೋಡುವುದು ಈ ಗೆರೆಗಳನ್ನೇ ಹೊರತು ಹಾಡನ್ನಲ್ಲ. ಗೆರೆ ತಪ್ಪು ಜಾಗದಲ್ಲಿದ್ದರೆ ಸಿಂಕ್ ಎರಡು ತಪ್ಪುಗಳನ್ನು ಬಹಳ ಅಚ್ಚುಕಟ್ಟಾಗಿ ಜೋಡಿಸಿ ಕೊಡುತ್ತದೆ.

ಮೊದಲ ತೊಂದರೆ ಹಳೇ ಹಾಡುಗಳದ್ದು. 70, 80ರ ದಶಕದ ಹಾಡುಗಳಲ್ಲಿ ಮನುಷ್ಯರೇ ತಬಲಾ, ಢೋಲಕ್, ಡ್ರಮ್ ಬಾರಿಸಿದ್ದಾರೆ. ಪಲ್ಲವಿಯಲ್ಲಿ ನಿಧಾನವಾಗಿದ್ದವರು ಚರಣ ಮುಗಿಯುವ ಹೊತ್ತಿಗೆ ಸ್ವಲ್ಪ ಹುರುಪಾಗಿರುತ್ತಾರೆ. ಕೇಳುವವರಿಗೆ ಗೊತ್ತಾಗಲ್ಲ, ಅದೇ ಆ ಹಾಡಿನ ಚೆಂದ ಕೂಡ. ಆದರೆ ಗ್ರಿಡ್ 118 ಬಿಪಿಎಂ (ನಿಮಿಷಕ್ಕೆ ಅಷ್ಟು ಬೀಟು) ಎಂದು ಹಿಡಿದುಕೊಂಡು ಹಾಡು 119ಕ್ಕೆ ಏರಿದರೆ, ಒಂದು ನಿಮಿಷದಲ್ಲಿ ಒಂದು ಇಡೀ ಬೀಟು ಆಚೀಚೆ. ಮಿಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ಬೀಟ್ ಗುರುತಿಸುವ ಪುಟಕ್ಕೆ ಹೋದರೆ, ವೇಗ ಸ್ಥಿರವಾಗಿದೆ ಎಂದು ಭಾವಿಸಿಕೊಳ್ಳುವ ಒಂದು ಟಿಕ್ ಇದೆ. ಹೊಸ ಹಾಡುಗಳಿಗೆ ಅದು ಇರಲಿ. ಹಳೇ ಹಾಡುಗಳಿಗೆ ಟಿಕ್ ತೆಗೆದು ಮತ್ತೆ ಅನಲೈಸ್ ಮಾಡಿಸುತ್ತೇನೆ. ಆಗ ಗೆರೆಗಳು ಹಾಡಿನ ಜೊತೆ ಹಿಗ್ಗಿ ಕುಗ್ಗುತ್ತವೆ. ರೆಕಾರ್ಡ್‌ಬಾಕ್ಸ್‌ನಲ್ಲಿ ಇದಕ್ಕೆ ಡೈನಾಮಿಕ್ ಎಂಬ ಆಯ್ಕೆ ಇದೆ. ಹಾಗೆ ಮಾಡಿದ ಮೇಲೂ ಹಳೇ ಹಾಡಿಗೆ ಸಿಂಕ್ ಒತ್ತುವುದಿಲ್ಲ ನಾನು. ಅದನ್ನು ಮಾಸ್ಟರ್ ಆಗಿ, ಅಂದರೆ ವೇಗ ಹೇಳುವ ಹಾಡಾಗಿ ಬಿಟ್ಟು, ಬರುವ ಹೊಸ ಹಾಡನ್ನು ಕಂಟ್ರೋಲರಿನ ಜಾಗ್ ವೀಲ್ ಎಂಬ ತಿರುಗುವ ತಟ್ಟೆಯಲ್ಲಿ ಬೆರಳಿಂದ ತಳ್ಳಿ ತಳ್ಳಿ ಕೂರಿಸುತ್ತೇನೆ. ಕಿವಿಗೆ ಅಭ್ಯಾಸ ಆಗುವುದು ಇದರಿಂದಲೇ.

ಎರಡನೆಯದು ತಿಶ್ರದ, ಅಂದರೆ ಮೂರರ ನಡೆಯ ಸಮಸ್ಯೆ, ಇದು ದೊಡ್ಡದು. ಟಪ್ಪಾಂಗುಚ್ಚಿ ಹಾಡು, ಜಾತ್ರೆ ಹಾಡು, ತಮಟೆ ಏಟಿನ ಹಾಡು, ಇವುಗಳ ನಡೆ ತಕಿಟ ತಕಿಟ. ಕುಣಿಯುವವನು ಪ್ರತಿ ತಕಿಟಕ್ಕೆ ಒಂದು ಹೆಜ್ಜೆ ಹಾಕುತ್ತಾನೆ. ಸಾಫ್ಟ್‌ವೇರ್ ನಡುವಿನ ಸಣ್ಣ ಏಟುಗಳನ್ನು ಎಣಿಸಿಕೊಂಡು ಗಲಿಬಿಲಿ ಮಾಡಿಕೊಳ್ಳುತ್ತದೆ. ಚಪ್ಪಾಳೆ 110ಕ್ಕೆ ಬೀಳುವ ಹಾಡಿಗೆ 165 ಎಂದು ತೋರಿಸುತ್ತದೆ. 110ರ ಒಂದೂವರೆ ಪಟ್ಟು ಅದು, ಮೂರರ ಲೆಕ್ಕವನ್ನು ಎರಡರ ಲೆಕ್ಕ ಎಂದುಕೊಂಡದ್ದು. ಹೊಸಬರು ಅಲ್ಲಿ 165 ನೋಡಿ, ಇದು ಬಹಳ ಫಾಸ್ಟ್ ಹಾಡು ಎಂದು ಪಟ್ಟಿಯ ಕೊನೆಗೆ ತಳ್ಳಿಬಿಡುತ್ತಾರೆ. ಮಿಕ್ಸ್‌ನಲ್ಲಿ ಹಾಡಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ಬಿಪಿಎಂ ತಿದ್ದುವ ಮೆನು ಇದೆ: ಎರಡು ಪಟ್ಟು, ಅರ್ಧ, ಮೂರನೇ ಎರಡು, ನಾಲ್ಕನೇ ಮೂರು, ಹೀಗೆ. ಇಲ್ಲಿ ಮೂರನೇ ಎರಡು ಒತ್ತಿದರೆ 165 ಮತ್ತೆ 110 ಆಗುತ್ತದೆ. ಆಮೇಲೆ ಗಟ್ಟಿ ಏಟು ಬೀಳುವ ಜಾಗಕ್ಕೆ ಹಾಡನ್ನು ನಿಲ್ಲಿಸಿ, ಗೆರೆಯನ್ನು ಅಲ್ಲಿಗೆ ಎಳೆದು ಕೂರಿಸಿದರೆ ಮುಗಿಯಿತು. ಅನುಮಾನ ಬಂದರೆ ಸಂಖ್ಯೆ ನೋಡಬೇಡಿ, ಎದ್ದು ನಿಂತು ನಾಲ್ಕು ಹೆಜ್ಜೆ ಹಾಕಿ. ಕಾಲು ಎಲ್ಲಿ ಬೀಳುತ್ತದೋ ಅಲ್ಲಿ ಗೆರೆ ಇರಬೇಕು. ಮನೆಯವರು ನೋಡಿದರೆ ನಗುತ್ತಾರೆ, ನಗಲಿ.

ಗ್ರಿಡ್ ಸರಿ ಇದ್ದರೂ ತಿಶ್ರದ ಹಾಡಿನ ಮೇಲೆ ನಾಲ್ಕರ ಹಾಡನ್ನು ಬಹಳ ಹೊತ್ತು ಓಡಿಸಬಾರದು. ದೊಡ್ಡ ಏಟು ಕೂಡಿದರೂ ನಡುವಿನ ಸಣ್ಣ ಏಟುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ನಾನು ಮಾಡುವುದು ಇಷ್ಟು: ಹೋಗುವ ಹಾಡಿನ ಬೇಸ್ ಪೂರ್ತಿ ಇಳಿಸಿ, ಪಲ್ಲವಿಯ ಕೊನೇ ಪದಕ್ಕೆ ಎಕೋ ಹಾಕಿ, ಆ ಎಕೋ ಸಾಯುವ ಮುಂಚೆ ಹೊಸ ಹಾಡನ್ನು ಅದರ ಗಟ್ಟಿ ಏಟಿನಿಂದಲೇ ಬಿಡುತ್ತೇನೆ. ಎರಡು ಹಾಡು ಜೊತೆಗಿರುವುದು ನಾಲ್ಕೆಂಟು ಬೀಟು ಅಷ್ಟೇ. ಇಂಟರ್ನೆಟ್ಟಿನ ಪಾಠಗಳಲ್ಲಿ ಒಂದೂವರೆ ನಿಮಿಷದ ನವಿರಾದ ಮಿಕ್ಸಿಂಗ್ ತೋರಿಸುತ್ತಾರೆ. ಬೆಂಗಳೂರಿನ ಪಬ್ಬಿಗೆ ಅದು ಸರಿ. ಶ್ರೀನಿವಾಸಪುರದ ಮದುವೆಯಲ್ಲಿ ಹಾಡು ಬದಲಾದದ್ದು ಜನಕ್ಕೆ ಗೊತ್ತಾಗಬೇಕು, ಆ ಕ್ಷಣಕ್ಕೇ ಶಿಳ್ಳೆ ಬೀಳುವುದು.

ಸಿನಿಮಾ ಹಾಡಿಗೆ ಡಿಜೆಗಾಗಿ ಮಾಡಿದ ಇಂಟ್ರೋ ಇರಲ್ಲ. ಪಿಟೀಲು, ಕೊಳಲು, ಆಲಾಪ, ಇಲ್ಲವೇ ನೇರ ಗಾಯಕರ ದನಿ. ಅದಕ್ಕೆ ಪ್ರತಿ ಹಾಡಿಗೂ ನಾಲ್ಕು ಹಾಟ್ ಕ್ಯೂ, ಅಂದರೆ ಬಟನ್ ಒತ್ತಿದ ತಕ್ಷಣ ಹಾಡು ಅಲ್ಲಿಗೇ ಜಿಗಿಯುವ ಗುರುತು ಹಾಕಿರುತ್ತೇನೆ. ಒಂದು, ತಾಳ ಶುರುವಾಗುವ ಜಾಗ. ಎರಡು, ಪಲ್ಲವಿ. ಮೂರು, ಪಲ್ಲವಿಗೂ ಚರಣಕ್ಕೂ ನಡುವಿನ ಮ್ಯೂಸಿಕ್. ನಾಲ್ಕು, ಎಲ್ಲಿಂದ ಆಚೆ ಹೋಗಬಹುದೋ ಆ ಜಾಗ. ಮೂರನೆಯದರಲ್ಲಿ ಸಾಮಾನ್ಯವಾಗಿ ಬರೀ ತಾಳದ ತುಂಡೊಂದು ಸಿಗುತ್ತದೆ. ಅದನ್ನು ಎಂಟು ಬೀಟಿಗೆ ಲೂಪ್ ಮಾಡಿ ಇಟ್ಟುಕೊಂಡರೆ ಅದೇ ಆ ಹಾಡಿನ ಇಂಟ್ರೋ ಆಗುತ್ತದೆ. ಎರಡನೇ ಚರಣ ಯಾರಿಗೂ ಬೇಕಿಲ್ಲ. ಕವಿಗಳು ಕ್ಷಮಿಸಬೇಕು.

ಭಾಷೆಯ ಗಂಟು ಬಿಡಿಸಲು ಒಂದು ದಾರಿ ಸಿಕ್ಕಿದೆ. ದಕ್ಷಿಣದ ಎಷ್ಟೋ ಟ್ಯೂನುಗಳು ಎರಡು, ಮೂರು ಭಾಷೆಗಳಲ್ಲಿ ಇವೆ, ರೀಮೇಕ್ ಆಗಿಯೋ ಡಬ್ ಆಗಿಯೋ. ಡಬ್ ಆದದ್ದರಲ್ಲಿ ವಾದ್ಯ ಅದೇ, ವೇಗ ಅದೇ, ಶ್ರುತಿ ಅದೇ. ಹಲವು ಸಲ ದನಿ ಕೂಡ ಅದೇ. ಎಸ್‌ಪಿಬಿ ಕನ್ನಡ, ತೆಲುಗು, ತಮಿಳು ಮೂರರಲ್ಲೂ ಹಾಡಿದವರಲ್ಲವೇ. ಎರಡು ಡೆಕ್ಕಿನಲ್ಲಿ ಒಂದೇ ಟ್ಯೂನಿನ ಎರಡು ಭಾಷೆ ಹಾಕಿ, ಗ್ರಿಡ್ ಕೂರಿಸಿ, ಪಲ್ಲವಿ ಕನ್ನಡದಲ್ಲಿ ಶುರು ಮಾಡಿ ಅರ್ಧಕ್ಕೆ ಕ್ರಾಸ್‌ಫೇಡರ್ ಆ ಕಡೆ ಎಳೆದರೆ ಅದೇ ಸಾಲು ತೆಲುಗಿನಲ್ಲಿ ಮುಂದುವರಿಯುತ್ತದೆ. ಮೊದಲ ಸಲ ಇದನ್ನು ಮಾಡಿದಾಗ ಸ್ಟೇಜ್ ಹತ್ತಿರ ನಿಂತಿದ್ದ ಹುಡುಗನೊಬ್ಬ "ಅನ್ನಾ, ಮಳ್ಳಿ ವೆಯ್ಯನ್ನಾ!" ಎಂದು ಕೂಗಿದ. ಮತ್ತೆ ಹಾಕಿದೆ. ಇಂಥ ಜೋಡಿಗಳದ್ದೇ ಬೇರೆ ಪಟ್ಟಿ ಮಾಡಿಟ್ಟಿದ್ದೇನೆ. ಆ ಪಟ್ಟಿ ಯಾರಿಗೂ ಕೊಡಲ್ಲ.

ವೇಗ ಬದಲಿಸುವಾಗ ಶ್ರುತಿಯ ಮೇಲೆ ಕಣ್ಣಿರಲಿ. ವೇಗವನ್ನು ಸುಮಾರು ಶೇ. 6ರಷ್ಟು ಏರಿಸಿದರೆ ಹಾಡು ಅರ್ಧ ಸ್ವರ ಮೇಲೆ ಹೋಗುತ್ತದೆ. ಕೀ ಲಾಕ್ ಒತ್ತಿದರೆ ಶ್ರುತಿ ನಿಲ್ಲುತ್ತದೆ, ಆದರೆ ಬಹಳ ಎಳೆದರೆ ದನಿ ನೀರಿನೊಳಗಿಂದ ಬಂದಂತೆ ಆಗುತ್ತದೆ. ಊರಿಗೆಲ್ಲ ಪರಿಚಯ ಇರುವ ದನಿ ಹಾಗಾದರೆ ಅಜ್ಜಿಯರೇ ಮೊದಲು ಹಿಡಿಯುತ್ತಾರೆ. ಹಳೇ ಹಾಡನ್ನು ನಾಲ್ಕು ಪರ್ಸೆಂಟ್‌ಗಿಂತ ಜಾಸ್ತಿ ಮುಟ್ಟಲ್ಲ ನಾನು.

ಇನ್ನು ತಮಟೆ. ಗಣೇಶನ ಮೆರವಣಿಗೆ ಇರಲಿ, ಮದುವೆಯ ಮೆರವಣಿಗೆ ಇರಲಿ, ನಮ್ಮ ಕಡೆ ತಮಟೆಯವರು ಇದ್ದೇ ಇರುತ್ತಾರೆ. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ 2023ರಲ್ಲಿ ಪದ್ಮಶ್ರೀ ಬಂತು. ಈ ಸೀಮೆಯಲ್ಲಿ ಆ ವಾದ್ಯಕ್ಕೆ ಇರುವ ತೂಕ ಅಂಥದ್ದು. ಕೆಲವು ಡಿಜೆಗಳು ಅವರ ಮೇಲೆ ಸೌಂಡ್ ಏರಿಸಿ ಮುಚ್ಚಿಹಾಕುತ್ತಾರೆ, ನನಗೆ ಅದು ಸರಿ ಕಾಣಲ್ಲ. ಅವರು ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡಿಕೊಳ್ಳುವ ಹೊತ್ತೇ ನನ್ನ ಹೊತ್ತು, ಆಗ ಎರಡು ಹಾಡು. ಅವರು ಶುರು ಮಾಡಿದರೆ ನಾನು ಫೇಡರ್ ಇಳಿಸುತ್ತೇನೆ. ಮತ್ತೆ ಒಳಗೆ ಬರುವಾಗ ಬಿಪಿಎಂ ಟ್ಯಾಪ್ ಬಟನ್ ಮೇಲೆ ಅವರ ಏಟಿಗೆ ಸರಿಯಾಗಿ ಬೆರಳು ಬಡಿದು ವೇಗ ತಿಳಿದುಕೊಂಡು, ಅದೇ ವೇಗದ ಹಾಡು ಎತ್ತುತ್ತೇನೆ. ಆ ಹೊತ್ತಿಗೆ ಅವರು ಮೊದಲಿಗಿಂತ ಎಷ್ಟೋ ಜೋರಾಗಿರುತ್ತಾರೆ, ಮನೆಯಲ್ಲಿ ಅಂದುಕೊಂಡು ಬಂದ ಹಾಡು ಕೆಲಸಕ್ಕೆ ಬರಲ್ಲ. ಬಿಪಿಎಂ ಪ್ರಕಾರ ಪಟ್ಟಿ ಜೋಡಿಸಿಕೊಳ್ಳುವ ಸೌಲಭ್ಯ ನಿಜಕ್ಕೂ ಬೇಕಾಗುವುದು ಇಲ್ಲೇ.

ತಾಂತ್ರಿಕ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕಂಟ್ರೋಲರ್ ಕೊಳ್ಳಲು ಆಗದಿದ್ದರೆ ಅಗ್ಗದ ಯುಎಸ್‌ಬಿ ಸೌಂಡ್ ಕಾರ್ಡ್ ಒಂದು ತನ್ನಿ. ಜನಕ್ಕೆ ಹೋಗುವ ಸೌಂಡು ಒಂದರಲ್ಲಿ, ಹೆಡ್‌ಫೋನು ಇನ್ನೊಂದರಲ್ಲಿ. ಮುಂದಿನ ಹಾಡನ್ನು ಮೊದಲೇ ಕಿವಿಯಲ್ಲಿ ಕೇಳಲು ಆಗದಿದ್ದರೆ ಡಿಜೆ ಮಾಡಿ ಪ್ರಯೋಜನವಿಲ್ಲ. ಬಫರ್, ಅಂದರೆ ಸಾಫ್ಟ್‌ವೇರ್ ಒಂದು ಸಲಕ್ಕೆ ಮುಂಚೆಯೇ ತುಂಬಿಟ್ಟುಕೊಳ್ಳುವ ಸೌಂಡಿನ ತುಣುಕು, 1024 ಇಟ್ಟರೆ 44,100ರ ಸ್ಯಾಂಪಲ್ ರೇಟಿನಲ್ಲಿ ಸುಮಾರು 23 ಮಿಲಿಸೆಕೆಂಡ್ ತಡ. ಸ್ಕ್ರ್ಯಾಚ್ ಮಾಡುವವರಿಗೆ ಜಾಸ್ತಿ, ಮದುವೆಗೆ ಏನೂ ಅಲ್ಲ, ಹಳೇ ಲ್ಯಾಪ್‌ಟಾಪು ಚಟಪಟ ಅನ್ನಲ್ಲ. ವೈಫೈ ಆಫ್, ಅಪ್‌ಡೇಟ್ ಸ್ಟಾಪ್, ಸ್ಲೀಪ್ ಬಂದ್. ಚಾರ್ಜರ್ ಹಾಕಿದ ತಕ್ಷಣ ಸ್ಪೀಕರಿನಲ್ಲಿ ಗುಂಯ್ ಎಂದರೆ ಅದು ಅರ್ಥಿಂಗ್ ತೊಂದರೆ, ಜನರೇಟರ್ ಮೇಲೆ ಓಡುವ ಪೆಂಡಾಲಿನಲ್ಲಿ ಸಾಮಾನ್ಯ. ನಡುವೆ ಒಂದು ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿದರೆ ನಿಲ್ಲುತ್ತದೆ.

ಸೌಂಡಿನ ಮಟ್ಟದ ಬಗ್ಗೆ ಮಾತ್ರ ನಿಂತು ಹೇಳಬೇಕು. ಹಳೇ ಹಾಡಿನ ಫೈಲು ಮೆಲ್ಲಗೆ ಇರುತ್ತದೆ, ಹೊಸದು ಕಿರುಚುತ್ತದೆ. ರಿಪ್ಲೇ ಗೇನ್ ಆನ್ ಮಾಡಿದರೆ ಸಾಫ್ಟ್‌ವೇರೇ ಎರಡನ್ನೂ ಸಮ ಮಾಡುತ್ತದೆ. ಆದರೂ ಹುಡುಗರು "ಇನ್ನೂ ಏರಿಸಿ ಬ್ರೋ" ಅನ್ನುತ್ತಾರೆ. ಮೀಟರ್ ಕೆಂಪಿಗೆ ಹೋದ ಮೇಲೆ ಸೌಂಡು ಜಾಸ್ತಿ ಆಗಲ್ಲ, ಒಡೆಯುತ್ತದೆ. ಆಗ ನಾನು ಎರಡು ನಿಮಿಷ ಬೇಸ್ ಸ್ವಲ್ಪ ಇಳಿಸಿ ಮತ್ತೆ ಮೊದಲಿನ ಜಾಗಕ್ಕೇ ತರುತ್ತೇನೆ. ಏರಿಸಿದ ಅಂದುಕೊಂಡು ಖುಷಿಯಾಗಿ ಹೋಗುತ್ತಾರೆ. ವಾಟ್ಸ್ಯಾಪ್‌ನಲ್ಲಿ ಕಳಿಸಿದ ಹಾಡು ಮಾತ್ರ ಎಷ್ಟು ಬೇಡಿಕೊಂಡರೂ ಹಾಕಲ್ಲ. ಫೋನಿನಲ್ಲಿ ಚೆನ್ನಾಗಿ ಕೇಳುವುದು ದೊಡ್ಡ ಬಾಕ್ಸಿನಲ್ಲಿ ತಗಡು ಬಡಿದಂತಿರುತ್ತದೆ. ನಡುನಡುವೆ ತನ್ನ ಹೆಸರು ಕೂಗಿಸಿಕೊಂಡ ರೀಮಿಕ್ಸುಗಳೂ ಬೇಡ, ಬೇರೆ ಡಿಜೆಯ ಪ್ರಚಾರ ನಾನೇಕೆ ಮಾಡಲಿ.

ಕಾನೂನು ಎರಡು ಮಾತಿನಲ್ಲಿ. ಶಬ್ದಮಾಲಿನ್ಯದ 2000ರ ನಿಯಮದಂತೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಒಪ್ಪಿಕೊಳ್ಳುವಾಗಲೇ ಪಾರ್ಟಿಗೆ ಇದನ್ನು ಹೇಳಿ, ಜೋರು ಹಾಡುಗಳನ್ನು ಒಂಬತ್ತರಿಂದಲೇ ಶುರು ಮಾಡುತ್ತೇನೆ. ಹಾಡಿನ ಹಕ್ಕಿನ ವಿಷಯಕ್ಕೆ ಬಂದರೆ, ಮದುವೆ ಮೆರವಣಿಗೆ ಮತ್ತು ಮದುವೆಗೆ ಸೇರಿದ ಸಮಾರಂಭಗಳಿಗೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿ ಇದೆ. ಹೋಟೆಲಿನ ಹೊಸ ವರ್ಷದ ಪಾರ್ಟಿಗೆ ಅದು ಅನ್ವಯಿಸಲ್ಲ. ಅಲ್ಲಿ ಲೈಸೆನ್ಸ್ ಯಾರು ತೆಗೆಯುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ.

ಕೊನೆಗೆ ಲ್ಯಾಪ್‌ಟಾಪ್ ಬದಲಿಸುವವರಿಗೊಂದು ವಿಷಯ. ತಿದ್ದಿದ ಗ್ರಿಡ್ಡು, ಹಾಟ್ ಕ್ಯೂಗಳು ಹಾಡಿನ ಫೈಲಿನಲ್ಲಿ ಇರಲ್ಲ, ಮಿಕ್ಸ್‌ನ ಸೆಟ್ಟಿಂಗ್ಸ್ ಫೋಲ್ಡರಿನ ಡೇಟಾಬೇಸಿನಲ್ಲಿ ಇರುತ್ತವೆ. ಬರೀ ಹಾಡುಗಳನ್ನು ಪೆನ್‌ಡ್ರೈವಿಗೆ ತುಂಬಿಕೊಂಡು ಹೋದರೆ ಇಷ್ಟು ದಿನದ ಮಧ್ಯಾಹ್ನಗಳೆಲ್ಲ ಹಳೇ ಯಂತ್ರದಲ್ಲೇ ಉಳಿದವು ಎಂದೇ ಲೆಕ್ಕ. ಆ ಫೋಲ್ಡರನ್ನೂ ಕಾಪಿ ಮಾಡಿಕೊಳ್ಳಿ, ಹಾಡುಗಳ ಫೋಲ್ಡರಿಗೆ ಹೊಸ ಯಂತ್ರದಲ್ಲೂ ಅದೇ ಹೆಸರು, ಅದೇ ಜಾಗ ಕೊಡಿ. ನಾನು ಪ್ರತಿ ಸೀಸನ್ ಶುರುವಿಗೆ ಎರಡನ್ನೂ ಒಂದು ಹಾರ್ಡ್ ಡಿಸ್ಕಿಗೆ ಹಾಕಿ ಬೀರುವಿನಲ್ಲಿ ಇಡುತ್ತೇನೆ.