ಹೊಲದ ಮೊಲಗಳಿಗೆ ರಿಮ್‌ಫೈರ್ ತೋಟಾ: ಮೊದಲು ದೂರ, ಆಮೇಲೆ ವೇಗ

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಹುಲ್ಲುಗಾವಲು, ದ್ರಾಕ್ಷಿ ತೋಟ ಅಥವಾ ತರಕಾರಿ ಮಡಿ ಇರುವ ಯಾರಿಗೂ ಯುರೋಪಿಯನ್ ಮೊಲದ ಕಾಟವನ್ನು ಬಿಡಿಸಿ ಹೇಳಬೇಕಾಗಿಲ್ಲ. 1859ರಲ್ಲಿ ವಿಂಚೆಲ್ಸಿಯಾ ಬಳಿಯ ಬಾರ್ವನ್ ಪಾರ್ಕ್ ಎಸ್ಟೇಟಿನಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರರು ಬೇಟೆಯ ಮೋಜಿಗೆಂದು ಇಂಗ್ಲೆಂಡಿನಿಂದ ತರಿಸಿ ಬಿಟ್ಟ ಮೊಲಗಳ ಸಂತತಿ ಖಂಡದ ಬಹುಭಾಗಕ್ಕೆ ಹಬ್ಬಿತು. ಮೊಲಗಳನ್ನು ಕೊಲ್ಲುವ ಮಿಕ್ಸೊಮಟೋಸಿಸ್ ರೋಗವನ್ನು 1950ರಲ್ಲಿ ಹರಡಿದರೂ, ಅಂಥದೇ ಇನ್ನೊಂದು ರೋಗ ತರುವ ಕ್ಯಾಲಿಸಿವೈರಸ್ 1995ರಲ್ಲಿ ಬಂದರೂ ಅದು ಅಳಿಯಲಿಲ್ಲ. 1994ರ ಜಲಾನಯನ ಮತ್ತು ಭೂಸಂರಕ್ಷಣಾ ಕಾಯ್ದೆಯಡಿ ವಿಕ್ಟೋರಿಯಾದಲ್ಲಿ ಮೊಲವು ಘೋಷಿತ ಪೀಡೆಯಾಗಿದ್ದು, ಅದು ಹರಡದಂತೆ ನೋಡಿಕೊಳ್ಳುವುದು ಜಮೀನಿನ ಮಾಲೀಕರ ಕರ್ತವ್ಯವೇ ಆಗಿದೆ. ಕರ್ನಾಟಕದಲ್ಲಿ ಕಾಡುಮೊಲವನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಆದ್ದರಿಂದ ಈ ಲೇಖನವು ವಿಕ್ಟೋರಿಯಾದಲ್ಲಿ ಪರವಾನಗಿ ಪಡೆದು, ತಮ್ಮದೇ ಜಮೀನಿನಲ್ಲಿ ಅಥವಾ ಮಾಲೀಕರ ಅನುಮತಿಯಿಂದ ಗುಂಡು ಹಾರಿಸುವ ಕನ್ನಡಿಗರಿಗೆ ಮಾತ್ರ ಅನ್ವಯಿಸುತ್ತದೆ.

ತೋಟಾ ಕೊಳ್ಳುವ ಮುನ್ನ ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಮೊಲದ ಹಾವಳಿಯನ್ನು ಕೋವಿಯೊಂದರಿಂದಲೇ ಹತೋಟಿಗೆ ತರಲಾಗದು. ಬಿಲಗಳನ್ನು ಯಂತ್ರದಿಂದ ಸೀಳಿ ಮುಚ್ಚುವುದು, ವಿಷದ ಆಮಿಷ ಇಡುವುದು, ಪೊದೆ ತೆಗೆಯುವುದು ಇವೇ ಮುಖ್ಯ ಕ್ರಮಗಳು; ಅವುಗಳ ನಂತರವೂ ಉಳಿದುಕೊಂಡ ಕೆಲವು ಮೊಲಗಳನ್ನು ತೆಗೆಯಲು ರೈಫಲ್ ನೆರವಾಗುತ್ತದೆ. ಕೆಲವೇ ಪ್ರಾಣಿಗಳನ್ನು, ಒಂದೊಂದಾಗಿ, ನರಳದಂತೆ ಕೊಲ್ಲಬೇಕಾದ ಕೆಲಸವಿದು ಎಂಬುದು ಮನಸ್ಸಿನಲ್ಲಿದ್ದರೆ ತೋಟಾದ ಆಯ್ಕೆಯೂ ತಾನಾಗಿಯೇ ಸರಿದಾರಿಗೆ ಬರುತ್ತದೆ.

ರಿಮ್‌ಫೈರ್ ತೋಟಾದಲ್ಲಿ ಕಿಡಿ ಹೊತ್ತಿಸುವ ಮಿಶ್ರಣವು ಹಿತ್ತಾಳೆ ಕೊಳವೆಯ ತಳದಂಚಿನ ಟೊಳ್ಳಿನೊಳಗೆ ಸುತ್ತಲೂ ಹರಡಿರುತ್ತದೆ. ರೈಫಲಿನ ಸೂಜಿ ಆ ಅಂಚನ್ನು ಜಜ್ಜಿದಾಗ ಮದ್ದು ಹೊತ್ತಿಕೊಳ್ಳುತ್ತದೆ. ಅಂಚು ಜಜ್ಜಿಹೋಗುವುದರಿಂದ ಖಾಲಿ ಕೊಳವೆಗೆ ಮನೆಯಲ್ಲಿ ಮತ್ತೆ ಮದ್ದು ತುಂಬಿ ನಿಮ್ಮ ನಳಿಗೆಗೆ ಹೊಂದುವ ತೋಟಾ ಮಾಡಿಕೊಳ್ಳುವ ಅವಕಾಶ ಇಲ್ಲಿಲ್ಲ. ಕಾರ್ಖಾನೆ ಕೊಟ್ಟದ್ದರಲ್ಲೇ ಆರಿಸಿಕೊಳ್ಳಬೇಕು. ಆಯ್ಕೆಗೆ ಇಷ್ಟು ಮಹತ್ವ ಬಂದಿರುವುದು ಈ ಕಾರಣಕ್ಕೆ.

ಮೊದಲು ನಿರ್ಧರಿಸಬೇಕಾದದ್ದು ದೂರ. ಸಂಜೆ ಬಿಲದಿಂದ ಹೊರಬಂದ ಮೊಲಗಳು ಎಲ್ಲಿ ಮೇಯುತ್ತವೆ, ನೀವು ಕುಳಿತುಕೊಳ್ಳಬಹುದಾದ ಬೇಲಿ ಅಥವಾ ಶೆಡ್ಡಿನ ಮೂಲೆಯಿಂದ ಅದು ಎಷ್ಟು ಮೀಟರ್ ಎಂಬುದನ್ನು ಹಗಲಿನಲ್ಲೇ ಅಳೆದು ಗುರುತಿಟ್ಟುಕೊಳ್ಳಬೇಕು. ಬಹುತೇಕ ಸಣ್ಣ ಜಮೀನುಗಳಲ್ಲಿ ಈ ಅಂತರ 30ರಿಂದ 70 ಮೀಟರ್ ಒಳಗೇ ಬರುತ್ತದೆ. ಅಷ್ಟು ದೂರಕ್ಕೆ .22 ಲಾಂಗ್ ರೈಫಲ್ ಎಂಬ ತೋಟಾ (.22 ಎಂದರೆ ಗುಂಡಿನ ವ್ಯಾಸ, ಇಂಚಿನಲ್ಲಿ) ಸಾಕು, ಮತ್ತು ಅದರಲ್ಲೂ ಸಬ್‌ಸಾನಿಕ್, ಎಂದರೆ ಶಬ್ದಕ್ಕಿಂತ ನಿಧಾನವಾಗಿ ಚಲಿಸುವ, 40 ಗ್ರೇನ್ (ಗುಂಡಿನ ತೂಕದ ಅಳತೆ) ಆಸುಪಾಸಿನ ಹಾಲೋ ಪಾಯಿಂಟ್, ಎಂದರೆ ಮೂತಿಯಲ್ಲಿ ಕುಳಿಯಿರುವ, ಗುಂಡು ಅತ್ಯುತ್ತಮ ಎಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕೆ ಕಾರಣಗಳನ್ನು ಲೆಕ್ಕ ಸಮೇತ ನೋಡೋಣ. ಸಬ್‌ಸಾನಿಕ್ ಗುಂಡು ನಳಿಗೆಯಿಂದ ಸೆಕೆಂಡಿಗೆ ಸುಮಾರು 320 ಮೀಟರ್ ವೇಗದಲ್ಲಿ ಹೊರಡುತ್ತದೆ. ಡಬ್ಬಿಯ ಮೇಲೆ ಹೈ ವೆಲಾಸಿಟಿ ಎಂದು ಬರೆದಿರುವುದು ಸುಮಾರು 380 ಮೀಟರ್ ವೇಗದಲ್ಲಿ ಹೊರಡುತ್ತದೆ. ಎರಡನ್ನೂ 50 ಮೀಟರಿಗೆ ಗುರಿ ಹೊಂದಿಸಿದರೆ, 75 ಮೀಟರಿನಲ್ಲಿ ಮೊದಲನೆಯದು ಗುರಿಗಿಂತ 7–8 ಸೆಂ.ಮೀ. ಕೆಳಗೆ, ಎರಡನೆಯದು ಸುಮಾರು 6 ಸೆಂ.ಮೀ. ಕೆಳಗೆ ಬೀಳುತ್ತದೆ. ಹೆಚ್ಚುವರಿ ವೇಗ ಕೊಟ್ಟು ಪಡೆದ ಲಾಭ ಎರಡು ಸೆಂಟಿಮೀಟರಿನಷ್ಟೇ. ಗಾಳಿಯ ವಿಷಯದಲ್ಲಂತೂ ಲೆಕ್ಕ ತಲೆಕೆಳಗಾಗುತ್ತದೆ: ಶಬ್ದದ ವೇಗವನ್ನು ಸ್ವಲ್ಪವೇ ಮೀರಿದ ಗುಂಡಿಗೆ ಗಾಳಿಯ ತಡೆ ಒಮ್ಮೆಲೇ ಹೆಚ್ಚುವುದರಿಂದ, ಅಡ್ಡಗಾಳಿಯಲ್ಲಿ 100 ಮೀಟರ್ ದೂರಕ್ಕೆ ವೇಗದ ಗುಂಡು ನಿಧಾನದ ಗುಂಡಿಗಿಂತ ಕೆಲವು ಸೆಂಟಿಮೀಟರ್ ಹೆಚ್ಚೇ ಪಕ್ಕಕ್ಕೆ ಸರಿಯುತ್ತದೆ. ಇದನ್ನು ಕೇಳಿದವರು ಸಾಮಾನ್ಯವಾಗಿ ಮೊದಲು ನಂಬುವುದಿಲ್ಲ. ಗಾಳಿಯಿರುವ ದಿನ ಎರಡನ್ನೂ ಒಂದೇ ಕಾಗದದ ಮೇಲೆ ಹಾರಿಸಿ ನೋಡಿದರೆ ಅನುಮಾನ ಉಳಿಯದು.

ಸದ್ದಿನ ಪ್ರಶ್ನೆಯೂ ಇದೆ. ಶಬ್ದಾತೀತ ಗುಂಡು ಹೋಗುವ ದಾರಿಯುದ್ದಕ್ಕೂ ಚಾಟಿ ಬೀಸಿದಂಥ ಸಿಡಿಲು ಸದ್ದು ಹುಟ್ಟಿಸುತ್ತದೆ, ಮೊಲಗಳು ಒಟ್ಟಿಗೇ ಬಿಲ ಸೇರುತ್ತವೆ. ವಿಕ್ಟೋರಿಯಾದಲ್ಲಿ ಸಾಮಾನ್ಯ ಪರವಾನಗಿದಾರರು ಸೈಲೆನ್ಸರ್ ಇಟ್ಟುಕೊಳ್ಳುವಂತಿಲ್ಲವಾದ್ದರಿಂದ ಸದ್ದು ತಗ್ಗಿಸಲು ಉಳಿದಿರುವ ನ್ಯಾಯವಾದ ದಾರಿ ಸಬ್‌ಸಾನಿಕ್ ತೋಟಾ ಮಾತ್ರ. ಅರೆ ಸ್ವಯಂಚಾಲಿತ ರೈಫಲ್‌ಗಳಲ್ಲಿ ಇದರ ದುರ್ಬಲ ಒತ್ತಡಕ್ಕೆ ಬೋಲ್ಟ್ (ತೋಟಾವನ್ನು ಒಳತಳ್ಳಿ ಹೊರತೆಗೆಯುವ ಭಾಗ) ಪೂರ್ತಿ ಹಿಂದೆ ಸರಿಯದ ತೊಂದರೆ ಇದೆ. ಆದರೆ ಎ ವರ್ಗದ ಪರವಾನಗಿಯಲ್ಲಿ ಅರೆ ಸ್ವಯಂಚಾಲಿತ ರೈಫಲ್‌ಗೆ ಅವಕಾಶವೇ ಇಲ್ಲದ್ದರಿಂದ, ಕೈಯಿಂದ ಬೋಲ್ಟ್ ಎಳೆಯುವ ರೈಫಲಿನವರಿಗೆ ಆ ಚಿಂತೆ ಬೇಕಿಲ್ಲ. ಒಂದು ಸಣ್ಣ ಸೂಚನೆ: ಶಬ್ದದ ವೇಗವೇ ಚಳಿಗೆ ಇಳಿಯುತ್ತದೆ, ಸೊನ್ನೆ ಡಿಗ್ರಿಯಲ್ಲಿ ಸೆಕೆಂಡಿಗೆ 331 ಮೀಟರ್. ಡಬ್ಬಿಯ ಮೇಲೆ 330ರ ಹತ್ತಿರದ ವೇಗ ನಮೂದಾಗಿರುವ ತೋಟಾ ಹಿಮ ಬಿದ್ದ ಬೆಳಗಿನಲ್ಲಿ ಆಗೊಮ್ಮೆ ಈಗೊಮ್ಮೆ ಸಿಡಿಲು ಸದ್ದು ಮಾಡಿದರೆ ಅದು ತೋಟಾದ ದೋಷವಲ್ಲ.

ಗುಂಡಿನ ಮೂತಿಯ ಆಕಾರವನ್ನು ಲಘುವಾಗಿ ಪರಿಗಣಿಸಬಾರದು. ಗುಂಡಗಿನ ಮೂತಿಯ ಗಟ್ಟಿ ಸೀಸದ ಗುಂಡು ಅಗ್ಗ. ಕಾಗದದ ಗುರಿಗೆ ಅದು ಸರಿಯೇ. ಆದರೆ ಪ್ರಾಣಿಯ ದೇಹದಲ್ಲಿ ಅದು ಸಣ್ಣ ತೂತು ಮಾಡಿ ಆಚೆ ಹೊರಟುಹೋಗಬಹುದು, ಮೊಲವು ಗಾಯಗೊಂಡು ಬಿಲ ಸೇರಿ ಗಂಟೆಗಟ್ಟಲೆ ನರಳಿ ಸಾಯಬಹುದು. ಹಾಲೋ ಪಾಯಿಂಟ್ ಗುಂಡಿನ ಮೂತಿಯಲ್ಲಿ ಬೆಂಕಿಕಡ್ಡಿಯ ತುದಿ ಹೊಗುವಷ್ಟು ಕುಳಿಯಿರುತ್ತದೆ. ತಾಗಿದ ಕ್ಷಣ ಆ ಕುಳಿಯ ಅಂಚು ಹೊರಕ್ಕೆ ಮಡಚಿಕೊಂಡು ಗುಂಡು ಅಗಲವಾಗುತ್ತದೆ, ಶಕ್ತಿ ದೇಹದಲ್ಲೇ ವ್ಯಯವಾಗುತ್ತದೆ. ನಿಧಾನದ ಗುಂಡು ಅರಳಲು ಸೀಸ ಮೃದುವಾಗಿರಬೇಕಾದ್ದರಿಂದ, ಬೇಟೆಗೆಂದೇ ತಯಾರಾದ ಸಬ್‌ಸಾನಿಕ್ ಹಾಲೋ ಪಾಯಿಂಟ್ ಕೊಳ್ಳಬೇಕೇ ಹೊರತು ನಿಧಾನದ್ದೆಲ್ಲ ಒಂದೇ ಎಂದು ಭಾವಿಸಬಾರದು. ಆಗಲೂ ಗುರಿ ತಲೆಯ ಮೇಲೇ ಇರಬೇಕು: ಕಣ್ಣಿಗೂ ಕಿವಿಯ ಬುಡಕ್ಕೂ ನಡುವಿನ, ನಾಲ್ಕು ಸೆಂಟಿಮೀಟರ್ ಅಗಲದ ಜಾಗ. ಆ ಜಾಗಕ್ಕೆ ಪ್ರತಿ ಸಲವೂ ತಾಗಿಸಲಾಗದ ದೂರದಿಂದ ಟ್ರಿಗರ್ ಎಳೆಯುವುದು ಸಲ್ಲದು.

ಇನ್ನು ಅತಿವೇಗದ ತೋಟಾಗಳು. ಸಿಸಿಐ ಕಂಪನಿಯ ಸ್ಟಿಂಗರ್ 32 ಗ್ರೇನಿನ ಹಗುರ ಗುಂಡನ್ನು ಸೆಕೆಂಡಿಗೆ 500 ಮೀಟರ್ ವೇಗದಲ್ಲಿ ಕಳಿಸುತ್ತದೆ. ಅದರ ಕೊಳವೆ ಸಾಮಾನ್ಯ .22ಕ್ಕಿಂತ ಉದ್ದವಾಗಿರುವುದರಿಂದ ಸ್ಪರ್ಧೆಯ ರೈಫಲ್‌ಗಳ ಬಿಗಿಯಾದ ಚೇಂಬರಿಗೆ (ನಳಿಗೆಯಲ್ಲಿ ತೋಟಾ ಕೂರುವ ಜಾಗಕ್ಕೆ) ಅದನ್ನು ಹಾಕಬಾರದು. ಅಗಿಲಾ ಕಂಪನಿಯ 60 ಗ್ರೇನಿನ ಭಾರದ ಗುಂಡಿನದು ಬೇರೆ ಸಮಸ್ಯೆ: ಬಹುತೇಕ .22 ನಳಿಗೆಗಳ ಒಳಗಿನ ಸುರುಳಿ 16 ಇಂಚಿಗೆ ಒಂದು ಸುತ್ತು ತಿರುಗಿಸುತ್ತದೆ, ಆ ಉದ್ದನೆಯ ಗುಂಡಿಗೆ ಅದು ಸಾಲದೆ ಗುಂಡು ಹೊರಳಾಡುತ್ತ ಹೋಗಿ ಕಾಗದವನ್ನು ಅಡ್ಡಡ್ಡ ಹರಿಯಬಹುದು. ಇವೆರಡನ್ನೂ ನಾನು ಮೊಲಕ್ಕೆ ಶಿಫಾರಸು ಮಾಡುವುದಿಲ್ಲ.

ತೆರೆದ ಬಯಲಿನಲ್ಲಿ ನೂರು ಮೀಟರಿಗಿಂತ ಹತ್ತಿರ ಹೋಗಲು ಮರೆಯೇ ಇಲ್ಲದ ಜಮೀನುಗಳಿಗೆ ಮಾತ್ರ .17 ಎಚ್‌ಎಂಆರ್ (ಹಾರ್ನಡಿ ಮ್ಯಾಗ್ನಮ್ ರಿಮ್‌ಫೈರ್) ತೋಟಾವನ್ನು ಯೋಚಿಸಬೇಕು. ಹಾರ್ನಡಿ ಕಂಪನಿ 2002ರಲ್ಲಿ ತಂದ ಈ ತೋಟಾದಲ್ಲಿ, .22 ಮ್ಯಾಗ್ನಮ್ (ಲಾಂಗ್ ರೈಫಲಿಗಿಂತ ಉದ್ದದ, ಬಲವಾದ ತೋಟಾ) ಕೊಳವೆಯ ಕತ್ತನ್ನು ಕಿರಿದುಗೊಳಿಸಿ 17 ಗ್ರೇನಿನ ಗುಂಡು ಕೂರಿಸಲಾಗಿದೆ. ವೇಗ ಸೆಕೆಂಡಿಗೆ ಸುಮಾರು 775 ಮೀಟರ್. 100 ಮೀಟರಿಗೆ ಹೊಂದಿಸಿದರೆ 150 ಮೀಟರಿನಲ್ಲಿ ಎಂಟು ಸೆಂಟಿಮೀಟರಿನಷ್ಟು ಮಾತ್ರ ಇಳಿಯುತ್ತದೆ. ಇದಕ್ಕೆ ಬೇರೆಯೇ ರೈಫಲ್ ಬೇಕು, ತೋಟಾದ ಬೆಲೆ ಹೆಚ್ಚು, ಸದ್ದು ಜೋರು, ದೇಹಕ್ಕೆ ತಾಗಿದರೆ ಮಾಂಸ ಉಪಯೋಗಕ್ಕೆ ಬಾರದಷ್ಟು ಛಿದ್ರವಾಗುತ್ತದೆ. ನರಿಯ ಕಾಟವೂ ಇದ್ದರೆ .22 ಮ್ಯಾಗ್ನಮ್ ಹೆಚ್ಚು ಸೂಕ್ತ, ಅದೂ 80–90 ಮೀಟರಿನೊಳಗೆ. ನರಿಗೆ .22 ಲಾಂಗ್ ರೈಫಲ್ ಸಾಲದು.

ಗುಂಡು ಚಿಮ್ಮುವ ಅಪಾಯದ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಕಲ್ಲು, ಗಟ್ಟಿ ನೆಲ ಅಥವಾ ಕೆರೆಯ ನೀರಿಗೆ ಓರೆಯಾಗಿ ತಾಗಿದ ನಿಧಾನದ ಸೀಸದ ಗುಂಡು ಒಡೆಯದೆ ಚಿಮ್ಮಿ ಎಲ್ಲಿಗೋ ಹೋಗುತ್ತದೆ; ಈ ಒಂದು ವಿಷಯದಲ್ಲಿ ಸಬ್‌ಸಾನಿಕ್ .22 ಹಿಂದುಳಿದಿದೆ, ತಾಗಿದೊಡನೆ ಪುಡಿಯಾಗುವ .17 ಗುಂಡು ಮುಂದಿದೆ. ಯಾವ .22 ಗುಂಡಾದರೂ ಗುರಿ ತಪ್ಪಿದರೆ ಒಂದು ಮೈಲಿಗೂ ಆಚೆ ಹೋಗಬಲ್ಲದು. ಆದ್ದರಿಂದ ಮೊಲದ ಹಿಂದೆ ಮಣ್ಣಿನ ಏರಿ ಅಥವಾ ಇಳಿಜಾರು ಕಾಣುವ ಜಾಗವನ್ನೇ ಆರಿಸಿ, ಸಾಧ್ಯವಾದರೆ ಎತ್ತರದಲ್ಲಿ ಕುಳಿತು ಕೆಳಮುಖವಾಗಿ ಹಾರಿಸಬೇಕು. ಕಲ್ಲುಭೂಮಿಯಾಗಿದ್ದರೆ .17 ಆರಿಸಲು ಇದೊಂದೇ ಕಾರಣ ಸಾಕು.

ಇಷ್ಟು ನಿರ್ಧರಿಸಿದ ಮೇಲೆ ಕೊನೆಯ ತೀರ್ಪು ರೈಫಲಿನದು. ಒಂದೇ ಕಂಪನಿಯ, ಒಂದೇ ಮಾದರಿಯ ಎರಡು ರೈಫಲ್‌ಗಳು ಬೇರೆ ಬೇರೆ ತೋಟಾಗಳನ್ನು ಮೆಚ್ಚುತ್ತವೆ. ವಿಂಚೆಸ್ಟರ್, ಎಲಿ, ಸಿಸಿಐ ಹೀಗೆ ನಾಲ್ಕೈದು ಬಗೆಯ ಸಬ್‌ಸಾನಿಕ್ ಹಾಲೋ ಪಾಯಿಂಟ್ ತೋಟಾಗಳ 50ರ ಡಬ್ಬಿಯನ್ನು ಒಂದೊಂದೇ ಕೊಂಡು, ಗಾಳಿಯಿಲ್ಲದ ಬೆಳಗಿನಲ್ಲಿ ರೈಫಲನ್ನು ಮರಳುಚೀಲದ ಮೇಲಿಟ್ಟು, 50 ಮೀಟರಿನಿಂದ ಒಂದೊಂದು ಬಗೆಯಲ್ಲೂ ಐದೈದು ಗುಂಡುಗಳ ಹಲವು ಗುಂಪು ಹಾರಿಸಿ ನೋಡಬೇಕು. ಸೀಸದ ಗುಂಡಿಗೆ ಬಳಿದ ಮೇಣ ಕಂಪನಿಯಿಂದ ಕಂಪನಿಗೆ ಬೇರೆಯಾಗಿರುವುದರಿಂದ, ಬಗೆ ಬದಲಾಯಿಸಿದಾಗ ಮೊದಲ ಹತ್ತು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯದೆ ನಳಿಗೆಗೆ ಹೊಸ ಮೇಣ ಹತ್ತಲು ಬಿಡಬೇಕು. ಒಂದು ಡಾಲರ್ ನಾಣ್ಯದಡಿ ಐದೂ ತೂತು ಮರೆಯಾಗುವ ತೋಟಾವೇ ನಿಮ್ಮದು. ನಾಲ್ಕು ಗುಂಡು ಒಟ್ಟಿಗೆ ಬಿದ್ದು ಐದನೆಯದು ಪದೇ ಪದೇ ದೂರ ಬೀಳುವ ತೋಟಾವನ್ನು ಎಷ್ಟೇ ಅಗ್ಗವಾಗಿದ್ದರೂ ಬಿಡಬೇಕು, ಏಕೆಂದರೆ ಹೊಲದಲ್ಲಿ ಯಾವುದು ಆ ಐದನೆಯದು ಎಂದು ಮುಂಚಿತವಾಗಿ ತಿಳಿಯುವುದಿಲ್ಲ.

ಆಯ್ಕೆಯಾದ ಮೇಲೆ ಡಬ್ಬಿಯ ಮೇಲಿನ ಲಾಟ್ (ಕಾರ್ಖಾನೆಯಲ್ಲಿ ಒಟ್ಟಿಗೆ ತಯಾರಾದ ಕಂತು) ಸಂಖ್ಯೆ ನೋಡಿ ಅದೇ ಲಾಟಿನದನ್ನೇ ಒಟ್ಟಿಗೆ ಕೊಂಡಿಟ್ಟುಕೊಳ್ಳುವುದು ಒಳ್ಳೆಯದು. ಲಾಟ್ ಬದಲಾದಾಗ ಗುರಿಯನ್ನು ಮತ್ತೆ ಪರೀಕ್ಷಿಸಬೇಕು. ಕಾನೂನಿನಂತೆ ತೋಟಾವನ್ನು ರೈಫಲಿನಿಂದ ಬೇರೆಯಾಗಿ ಬೀಗ ಹಾಕಿದ ಪೆಟ್ಟಿಗೆಯಲ್ಲಿ, ತೇವ ಮತ್ತು ಎಣ್ಣೆ ತಾಗದಂತೆ ಇಡಬೇಕು. ಕೊಂದ ಮೊಲವನ್ನು ಅಲ್ಲೇ ಬಿಟ್ಟರೆ ಹದ್ದುಗಳು ಮಾಂಸದ ಜೊತೆ ಸೀಸದ ಚೂರುಗಳನ್ನೂ ನುಂಗುತ್ತವೆ, ಅದಕ್ಕಾಗಿ ಆಳವಾಗಿ ಹೂಳಬೇಕು. ಸೀಸವಿಲ್ಲದ 21 ಗ್ರೇನಿನ ತಾಮ್ರದ ಗುಂಡುಗಳೂ ದೊರೆಯುತ್ತವೆ. ನಿಮ್ಮ ನಳಿಗೆ ಅವನ್ನು ಒಪ್ಪಿದರೆ ಸದ್ದನ್ನು ಸಹಿಸಿಕೊಂಡು ಅವನ್ನೇ ಬಳಸಬಹುದು. ಟ್ರಿಗರ್ ಎಳೆದೂ ತೋಟಾ ಹಾರದಿದ್ದರೆ ನಳಿಗೆಯನ್ನು ಏರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಬೇಕು. ಆಮೇಲೆ ಬೋಲ್ಟ್ ತೆರೆದು ತೋಟಾ ಹೊರತೆಗೆದು ಅಂಚಿನಲ್ಲಿ ಸೂಜಿಯ ಗುರುತು ಆಳವಾಗಿ ಬಿದ್ದಿದೆಯೇ ಎಂದು ನೋಡಿ: ಗುರುತು ಆಳವಾಗಿದ್ದರೆ ಆ ಜಾಗದಲ್ಲಿ ಮಿಶ್ರಣ ಸರಿಯಾಗಿ ಹರಡಿರಲಿಲ್ಲ, ತೆಳುವಾಗಿದ್ದರೆ ರೈಫಲಿನ ಸೂಜಿಯನ್ನು ದುರಸ್ತಿಗಾರರಿಗೆ ತೋರಿಸಬೇಕು.